ಪಂಪಕ್ಕನ ಜೀಪು ಕುಡಿದ ಡೀಸೆಲ್ಲು

ನಮ್ಮ ಅತ್ತಿಗೆಗೆ ಊರಿನವರು ಇಟ್ಟ ಹೆಸರು ಪಂಪಕ್ಕ. ಹೊಸಬರು ಆ ಹೆಸರು ಕೇಳಿ ನೀರೆತ್ತುವ ಮೋಟಾರು ಹೊತ್ತುಕೊಂಡು ಬಂದುಬಿಡುತ್ತಾರೆ. "ಇದು ನೀರಿನ ಪಂಪಲ್ಲಪ್ಪ, ಡೀಸೆಲ್ ಪಂಪು" ಎಂದು ಅವರನ್ನು ವಾಪಸ್ಸು ಕಳಿಸುವ ಕೆಲಸ ನನ್ನದು. ಡೀಸೆಲ್ ಎಂಜಿನ್ನಿಗೆ ಅಳತೆ ಹಿಡಿದು ಎಣ್ಣೆ ತಳ್ಳುವ ಪಂಪು, ಅದನ್ನು ಒಳಗೆ ಸಣ್ಣಗೆ ಚಿಮುಕಿಸುವ ನಾಜಲ್ಲು, ಇವನ್ನು ಬಿಚ್ಚಿ ಸರಿಮಾಡಿ ಕೂಡಿಸುವುದು ಅತ್ತಿಗೆಯ ಕಸುಬು. ನಾನು ಪಕ್ಕದ ಮಳಿಗೆಯಲ್ಲಿ ಗಾಡಿಗಳ ಸೀಟು, ಹುಡ್ಡು ಹೊಲಿಯುತ್ತೇನೆ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಕಿಟಕಿ. ಹದಿನೆಂಟು ವರ್ಷದಿಂದ ನಮ್ಮ ಟೀ, ಜಗಳ, ಊರ ಮೇಲಿನ ಮಾತು ಎಲ್ಲ ಆ ಕಿಟಕಿಯಲ್ಲೇ ನಡೆದಿದೆ.

ಅವರು ನಮ್ಮಣ್ಣನನ್ನು ಮದುವೆಯಾಗಿ ಬಂದಾಗ ಅವರಿಗೆ ಇಪ್ಪತ್ತು, ನನಗೆ ಎಂಟು. ಮನೆಯಲ್ಲಿ ಅಮ್ಮ ಇರಲಿಲ್ಲ. ನನ್ನ ತಲೆಯ ಹೇನು ತೆಗೆದವರು ಅತ್ತಿಗೆ, ಮಗ್ಗಿ ಬಾಯಿಪಾಠ ಮಾಡಿಸಿದವರು ಅತ್ತಿಗೆ. ಮುಂದೆ ನಾನು ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ವಾಪಸ್ಸು ಬಂದ ದಿನ ಯಾಕೆ ಏನು ಎನ್ನದೆ "ಊಟ ಆಯ್ತಾ" ಎಂದು ಕೇಳಿದವರೂ ಅವರೇ. ನನಗೆ ಕೋಪ ಮೂಗಿನ ತುದಿಯಲ್ಲಿ, ಅವರಿಗೆ ಎಲ್ಲಿದೆಯೋ ಇವತ್ತಿಗೂ ಗೊತ್ತಿಲ್ಲ. ಅವರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಸುಮ್ಮನಿರುವವಳಲ್ಲ.

ಅಣ್ಣ ಊರಾಚೆಯ ಕಲ್ಲು ಕ್ವಾರಿಯಲ್ಲಿ ಮಷಿನ್ ಡ್ರೈವರ್. ಅವನ ಸಂಬಳ ಸಾಲದೆ ಅತ್ತಿಗೆ ಒಬ್ಬ ಮುದುಕ ಮೆಕ್ಯಾನಿಕ್ಕಿನ ಹತ್ತಿರ ಬಿಡಿಭಾಗ ತೊಳೆಯುವ ಕೆಲಸಕ್ಕೆ ಸೇರಿದರು. ಮೂರು ವರ್ಷದಲ್ಲಿ ಅವರಿಗೆ ಎಂಥ ಕಿವಿ ಬಂತೆಂದರೆ, ರಸ್ತೆಗೆ ಬೆನ್ನು ಹಾಕಿ ಕೂತು "ಎರಡನೇ ನಾಜಲ್ ತೊಟ್ಟಿಕ್ತಿದೆ" ಅನ್ನುತ್ತಿದ್ದರು. ಮುದುಕ ಬಿಚ್ಚಿ ನೋಡಿದರೆ ಎರಡನೆಯದೇ. ಮೊದಮೊದಲು ಅವನಿಗೆ ಇದು ಸರಿಬರಲಿಲ್ಲ, ಆಮೇಲೆ ಅಂಗಡಿಯನ್ನೇ ಅವರ ಕೈಗೆ ಕೊಟ್ಟು ಮಗಳ ಮನೆ ಸೇರಿಕೊಂಡ. ಅಷ್ಟರಲ್ಲಿ ಅಣ್ಣ ತೀರಿಕೊಂಡು ಒಂದು ವರ್ಷವಾಗಿತ್ತು. ಕಾಮಾಲೆ, ಹನ್ನೊಂದೇ ದಿನ.

ಜೀಪು ಅಣ್ಣನದು. ನಾಲ್ಕು ಚಕ್ರಕ್ಕೂ ಎಳೆತವಿರುವ, ಗುಂಡಿ ಗೊಟರು ಲೆಕ್ಕಿಸದ ಹಳೇ ಡೀಸೆಲ್ ಗಾಡಿ. ಕ್ವಾರಿಯವರು ಮಾರಿದಾಗ ಅವನೇ ಕೊಂಡು, ಅದರಲ್ಲೇ ಅತ್ತಿಗೆಗೆ ಡ್ರೈವಿಂಗ್ ಕಲಿಸಿದ. ನನಗೂ ಕಲಿಸಲು ನೋಡಿ, ಎರಡನೇ ದಿನ ಕೈಮುಗಿದು ಬಿಟ್ಟ. ಈಗ ವಾರವಿಡೀ ಅದು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಂತಿರುತ್ತದೆ. ಭಾನುವಾರ ಮಾತ್ರ ರಿಪೇರಿಯಾದ ಪಂಪುಗಳನ್ನು ತುಂಬಿಕೊಂಡು ಪಕ್ಕದ ಪೇಟೆಗೆ ಹೋಗಿ ಬರುತ್ತೇವೆ, ನೂರ ಇಪ್ಪತ್ತು ಕಿಲೋಮೀಟರು. ಹೊರಡುವ ಮುಂಚೆ ಅತ್ತಿಗೆ ಟ್ಯಾಂಕಿನ ಕುತ್ತಿಗೆವರೆಗೆ ಡೀಸೆಲ್ ತುಂಬಿಸಿ, ಹಿಂದಿನ ವಾರದಿಂದ ಓಡಿದ್ದೆಷ್ಟು ಕುಡಿದಿದ್ದೆಷ್ಟು ಎಂದು ಭಾಗಿಸಿ, ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಲೀಟರಿಗೆ ಹದಿಮೂರು. ವರ್ಷಗಟ್ಟಲೆ ಹದಿಮೂರೇ ಇತ್ತು.

ಹೋದ ಬೇಸಿಗೆಯಲ್ಲಿ ಒಂದು ಭಾನುವಾರ ಹತ್ತು ಬಂತು. ಮುಂದಿನ ವಾರ ಒಂಬತ್ತು. ಆಮೇಲೆ ಏಳು.

"ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ" ಎಂದು ನಾನು ಛೇಡಿಸಿದೆ. ಅತ್ತಿಗೆ ನಗಲಿಲ್ಲ. ಊರಿನ ಗಾಡಿಗಳ ರೋಗವನ್ನೆಲ್ಲ ಕಿವಿಯಲ್ಲೇ ಹಿಡಿಯುವವರಿಗೆ ಮನೆಯ ಗಾಡಿಯ ರೋಗ ಸಿಗದೇ ಹೋದರೆ ಏನರ್ಥ? ಕಿವಿ ಹೋಯಿತೆಂದರೆ ಕಸುಬು ಹೋಯಿತು. ಆ ಭಯ ಅವರ ಮುಖದಲ್ಲಿ ನನಗೆ ಅವತ್ತೇ ಕಾಣಿಸಿತು, ಮತ್ತೆ ತಮಾಷೆ ಮಾಡಲಿಲ್ಲ.

ಅವರು ಕ್ರಮವಾಗಿ ಹುಡುಕಿದರು. ಮೊದಲು ಸೋರಿಕೆ. ಟ್ಯಾಂಕಿನಿಂದ ಪಂಪಿನವರೆಗೆ ಪೈಪಿನ ಒಂದೊಂದು ಕೀಲನ್ನೂ ಒಣಬಟ್ಟೆಯಲ್ಲಿ ಒರೆಸಿ ಮೂಸಿದರು. ಬಟ್ಟೆ ಒಣಗೇ ಇತ್ತು. ಗಾಳಿ ಸೋಸುವ ಡಬ್ಬಿ ಬಿಚ್ಚಿ ತೊಳೆದರು. ನಾಲ್ಕೂ ನಾಜಲ್ಲುಗಳನ್ನು ಪರೀಕ್ಷೆಯ ಮಷಿನ್ನಿಗೆ ಕಟ್ಟಿ ಚಿಮುಕಿಸಿದರು, ನಾಲ್ಕೂ ಒಂದೇ ಸಮ. ಪಂಪಿನ ಟೈಮಿಂಗ್ ಸರಿಯಿತ್ತು. ಹೊಗೆ ಕಪ್ಪಿಲ್ಲ, ಬಿಳಿಯಿಲ್ಲ. ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಜಾಕ್ ಕೊಟ್ಟು ಒಂದೊಂದೇ ಚಕ್ರ ತಿರುಗಿಸಿದರು. ಬೆರಳಲ್ಲಿ ತಳ್ಳಿದರೆ ಮೂರು ಸುತ್ತು ತಿರುಗಿತು. ಟೈರಿನ ಗಾಳಿ, ಕ್ಲಚ್ಚು, ಎಂಜಿನ್ ಬಿಸಿ, ಯಾವುದರಲ್ಲೂ ತಪ್ಪಿಲ್ಲ. ಆರೋಗ್ಯವಾಗಿದ್ದ ಆ ಗಾಡಿಯ ಮುಂದೆ ಸ್ಟೂಲು ಹಾಕಿಕೊಂಡು ಅವರು ಸುಮ್ಮನೆ ಕೂತಿರುತ್ತಿದ್ದರು.

ಕೊನೆಗೆ ಒಂದು ಭಾನುವಾರ ಹೋಗುವಾಗ ತುಂಬಿಸಿ, ಬಂದ ತಕ್ಷಣ ಮತ್ತೆ ತುಂಬಿಸಿದರು. ಲೆಕ್ಕ ಹಾಕಿದರೆ ಹದಿಮೂರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆರು ದಿನ ಶೆಡ್ಡಿನಲ್ಲಿ ನಿಂತ ಮೇಲೆ ಮುಂದಿನ ಭಾನುವಾರ ತುಂಬಿಸಿದರೆ ಏಳೂವರೆ ಲೀಟರು ಹಿಡಿಯಿತು.

"ಓಡೋವಾಗ ಕುಡೀತಿಲ್ಲ ಕಣೇ ಇದು. ನಿಂತಿರೋವಾಗ ಕುಡೀತಿದೆ" ಎಂದರು ಅತ್ತಿಗೆ.

ಬಂಕಿನ ನಡುಬಿಸಿಲಲ್ಲಿ ನಾನು ಬಗ್ಗಿ ಗಾಡಿಯಡಿ ನೋಡಿದೆ, ನೆಲ ಒಣಗಿತ್ತು.

ನಾನು ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿದೆ. ಶೆಡ್ಡಿಗೂ ಹೊಸ ಬೀಗ ತಂದೆ. ಡೀಸೆಲ್ ಕಡಿಮೆಯಾಗುವುದು ನಿಲ್ಲಲಿಲ್ಲ. ಆ ವಾರವೇ ಒಂದು ದಿನ ಮಧ್ಯಾಹ್ನ ಮೂರೂವರೆಗೆ ಕತ್ತರಿ ಮರೆತೆನೆಂದು ಮನೆಗೆ ಹೋದೆ. ಅತ್ತಿಗೆ ಮಧ್ಯಾಹ್ನ ಒಂದಕ್ಕೆ ಮನೆಗೆ ಹೋಗಿ ಉಂಡು, ಒಂದು ಗಳಿಗೆ ಒರಗಿ, ಮೂರಕ್ಕೆ ಅಂಗಡಿಗೆ ಬರುವುದು ವಾಡಿಕೆ. ಅವತ್ತೂ ಬಂದಾಗಿತ್ತು. ಮನೆ ಖಾಲಿ, ಶೆಡ್ಡಿಗೆ ಬೀಗ. ಯಾಕೋ ಬೀಗ ತೆಗೆದು ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬಿಸಿಯಿತ್ತು. ಬಿಸಿಲು ತಾಗದ ಜಾಗದಲ್ಲಿ, ನಾಲ್ಕು ದಿನದಿಂದ ಯಾರೂ ಮುಟ್ಟದ ಗಾಡಿಯ ಬಾನೆಟ್ಟು ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು. ಮುಂದಿನ ಚಕ್ರಗಳಿಗೆ ಹಸಿ ಪಾಚಿ ಅಂಟಿತ್ತು. ಮೀಟರು ನೋಡಿದೆ. ಭಾನುವಾರ ಮನೆಗೆ ಬಂದಾಗ ಇದ್ದ ಸಂಖ್ಯೆಯೇ ಇತ್ತು, ಒಂದು ಕಿಲೋಮೀಟರೂ ಹೆಚ್ಚಾಗಿರಲಿಲ್ಲ.

ಕತ್ತರಿ ಬಿಟ್ಟು ಅಂಗಡಿಗೆ ಓಡಿದೆ. ಕಿಟಕಿಯಲ್ಲಿ ಎಲ್ಲ ಹೇಳಿದೆ. ಅತ್ತಿಗೆ ಕೈಯಲ್ಲಿದ್ದ ಸ್ಪ್ಯಾನರನ್ನು ಮೆತ್ತಗೆ ಕೆಳಗಿಟ್ಟರು.

"ನೀವು ಮನೇಲೇ ಇದ್ರಲ್ಲ. ಏನೂ ಕೇಳಿಸ್ಲಿಲ್ವಾ?"

"ನಿದ್ದೆ ಬಂದ್ಬಿಟ್ಟಿತ್ತು." ಕೈ ಒರೆಸಿಕೊಳ್ಳುತ್ತ, "ನಿಮ್ಮಣ್ಣನ ಗಾಡಿ ಕಣೇ ಅದು" ಎಂದರು. ಆ ಮಾತಿನ ಅರ್ಥ ಕೇಳುವ ಧೈರ್ಯ ನನಗೆ ಬರಲಿಲ್ಲ.

ಭಯವಾದರೆ ನನಗೆ ಕೋಪ ಬರುತ್ತದೆ. ನಮ್ಮ ಶೆಡ್ಡಿನ ಗೋಡೆಯಾಚೆಗೆ ಟ್ರ್ಯಾಕ್ಟರ್ ಇಟ್ಟುಕೊಂಡವನೊಬ್ಬನಿದ್ದಾನೆ. ದೆವ್ವಕ್ಕಿಂತ ಅವನ ಮೇಲೆ ಅನುಮಾನ ಪಡುವುದು ನನಗೆ ಸುಲಭವಾಗಿ ಕಂಡಿತು. ಮರುದಿನ ಬೆಳಿಗ್ಗೆಯೇ ಅವನ ಬಾಗಿಲಿಗೆ ಹೋಗಿ, ಟ್ರ್ಯಾಕ್ಟರಿಗೆ ಡೀಸೆಲ್ ಎಲ್ಲಿಂದ ಬರುತ್ತಿದೆ ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೋ ಎಂದು ನೋಡುತ್ತಿದ್ದೆ. ಅವನು ಹಲ್ಲುಜ್ಜುತ್ತಿದ್ದವನು ಬ್ರಶ್ಶು ತೆಗೆದು, "ಅಲ್ಲಮ್ಮ, ಕದಿಯೋಕೆ ನಿಮ್ಮ ಗಾಡಿ ಮನೇಲೆಲ್ಲಿರುತ್ತೆ?" ಎಂದ.

"ಅಂದ್ರೆ?"

"ದಿನಾ ಒಂದೂಕಾಲಕ್ಕೆ ಸ್ಟಾರ್ಟ್ ಆಗುತ್ತೆ, ಹೋಗುತ್ತೆ. ಮೂರರೊಳಗೆ ವಾಪಸ್ ಬರುತ್ತೆ. ಗೋಡೆ ಈಚೆ ಮಲಗಿದ್ರೆ ನಂಗೆ ಕೇಳ್ಸುತ್ತಲ್ಲ. ಯಾರಿಗೋ ಬಾಡಿಗೆಗೆ ಕೊಟ್ಟಿದೀರೇನೋ ಅಂದ್ಕೊಂಡಿದ್ದೆ."

ನಾನು ಬಂದ ದಾರಿಯಲ್ಲೇ ವಾಪಸ್ಸು ಹೊರಟೆ. ಒಳಗೆ ಹೆಂಗಸು ಮಲಗಿರುವಾಗ, ಬೀಗ ಹಾಕಿದ ಶೆಡ್ಡಿನಿಂದ ಯಾವನೋ ಗಾಡಿ ತೆಗೆದು ಎರಡು ತಾಸು ತಿರುಗಿ ತಂದು ನಿಲ್ಲಿಸುತ್ತಿದ್ದಾನೆ. ಅತ್ತಿಗೆ ಎಚ್ಚರಗೊಂಡು ಎದುರಾದರೆ ಅವನು ಏನು ಮಾಡುತ್ತಾನೋ. ಅವರಿಗೆ ಹೇಳಿ ಇನ್ನಷ್ಟು ಹೆದರಿಸುವುದು ಬೇಡವೆಂದು, ಅವತ್ತು ಹನ್ನೆರಡೂವರೆಗೆ ದಾರ ತರುತ್ತೇನೆಂದು ಸುಳ್ಳು ಹೇಳಿ ಮನೆಗೆ ಬಂದೆ. ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಹಿಡಿದು, ಶೆಡ್ಡಿನ ಮೂಲೆಯಲ್ಲಿ ಹಳೇ ಟಾರ್ಪಾಲಿನ ಹಿಂದೆ ಕೂತೆ. ಕಾಲು ಜೋಮು ಹಿಡಿಯಿತು. ಬರಲಿ ಅವನು, ಎರಡು ಬಾರಿಸಿಯೇ ಮಾತಾಡೋಣ ಎಂದುಕೊಂಡೆ.

ಒಂದೂ ಹತ್ತಕ್ಕೆ ಬೀಗ ತೆಗೆದ ಸದ್ದು. ಒಳಗೆ ಬಂದವರು ಅತ್ತಿಗೆ.

ಕೈಯಲ್ಲಿ ಊಟದ ಕ್ಯಾರಿಯರ್ ಇತ್ತು. ಮುಖ ತೊಳೆದು, ತಲೆ ಬಾಚಿ, ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದ ನೀಲಿ ಸೀರೆ ಉಟ್ಟಿದ್ದರು. ಕ್ಯಾರಿಯರನ್ನು ಸೀಟಿನ ಮೇಲಿಟ್ಟು, ನೆಲಕ್ಕೆ ಒಂದು ಗೋಣಿ ಹಾಸಿ, ಗೇರ್‌ಬಾಕ್ಸಿನ ಕೆಳಗೆ ಕೈ ಹಾಕಿ ಮೀಟರಿನ ಕೇಬಲ್ಲನ್ನು ತಿರುಗಿಸಿ ಬಿಚ್ಚಿದರು. ಗಿರಾಕಿಗಳ ಗಾಡಿಯನ್ನು ಪರೀಕ್ಷೆಗೆ ಓಡಿಸುವಾಗ ಅವರು ಯಾವತ್ತೂ ಹೀಗೇ ಮಾಡುತ್ತಾರೆ, ವಾಪಸ್ಸು ಬಂದ ಮೇಲೆ ಮತ್ತೆ ಸಿಕ್ಕಿಸುತ್ತಾರೆ. ನಮ್ಮ ಓಡಾಟ ಅವರ ಮೀಟರಿಗೆ ಯಾಕೆ ಬೀಳಬೇಕು ಅನ್ನುವುದು ಅವರ ನ್ಯಾಯ, ಊರಿನಲ್ಲಿ ಇನ್ಯಾರೂ ಇದನ್ನು ಪಾಲಿಸುವುದಿಲ್ಲ. ಈಗ ಮನೆಯ ಗಾಡಿಗೇ ಅವರ ಕೈ ತನ್ನಷ್ಟಕ್ಕೆ ಆ ಕೆಲಸ ಮಾಡಿ ಮುಗಿಸಿತು. ಎದ್ದು ಸೆರಗು ಕೊಡವಿಕೊಂಡು ಸ್ಟೇರಿಂಗಿನ ಮುಂದೆ ಕೂತರು.

ನಾನು ಕಬ್ಬಿಣ ಕೆಳಗಿಟ್ಟು ಎದ್ದು ಬಂದೆ. ನನ್ನನ್ನು ಕಂಡು ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಸ್ಕೂಲಿಂದ ಇಷ್ಟು ಬೇಗ ಬಂದ್ಬಿಟ್ಯಾ ಪುಟ್ಟಿ? ಗಾಡಿ ಹತ್ತು, ಹತ್ತು. ಸೈರನ್ ಆಗೋ ಹೊತ್ತಾಯ್ತು."

ನನಗೆ ನಲವತ್ತಾರು ವರ್ಷ. ನನ್ನ ಮದುವೆಯಾದ ಮೇಲೆ ಅವರು ನನ್ನನ್ನು ಪುಟ್ಟಿ ಎಂದು ಕರೆದಿರಲಿಲ್ಲ. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಕೇಳದೆಯೂ ತಿಳಿಯಿತು. ಕ್ವಾರಿಯಲ್ಲಿ ಒಂದೂವರೆಗೆ ಊಟದ ಸೈರನ್ ಆಗುತ್ತಿತ್ತು. ಅಣ್ಣನಿಗೆ ಊಟ ಕೊಡಲು ಆ ಕಾಲದಲ್ಲಿ ಅವರು ಜೀಪು ತೆಗೆದುಕೊಂಡು ಹೋಗುತ್ತಿದ್ದರು. ಅವರೊಬ್ಬರನ್ನೇ ಕಳಿಸಲಾರದೆ ಹತ್ತಿ ಕೂತೆ.

ಆರು ಕಿಲೋಮೀಟರು ದಾರಿ. ಅಷ್ಟು ಚೆನ್ನಾಗಿ ಅವರು ಗಾಡಿ ಓಡಿಸಿದ್ದನ್ನು ನಾನು ನೋಡಿಲ್ಲ. ಗೇರು ಬೆಣ್ಣೆಯಲ್ಲಿ ಬಿದ್ದಂತೆ ಬೀಳುತ್ತಿತ್ತು. ದಾರಿಯುದ್ದಕ್ಕೂ ಸಣ್ಣಗೆ ನಗುತ್ತಿದ್ದರು, ನನ್ನ ಪರೀಕ್ಷೆ ಯಾವಾಗ ಎಂದು ಕೇಳಿದರು. ಮುಂದಿನ ತಿಂಗಳು ಎಂದೆ.

ಕ್ವಾರಿ ಮುಚ್ಚಿ ಹದಿನೈದು ವರ್ಷವಾಯಿತು. ನೀರೆತ್ತುವ ಮೋಟಾರು ನಿಂತ ಮೇಲೆ ಹೊಂಡ ತುಂಬಿಕೊಂಡಿತು. ಹಸಿರು ನೀರು, ಆಳ ಎಷ್ಟೆಂದು ಬಲ್ಲವರಿಲ್ಲ. ಲಾರಿಗಳು ಕಲ್ಲು ತರಲು ಇಳಿಯುತ್ತಿದ್ದ ದಾರಿ ಈಗ ಇಳಿಯುತ್ತ ಇಳಿಯುತ್ತ ನೀರಿನೊಳಗೆ ಹೋಗುತ್ತದೆ. ಮುರಿದ ಬೇಲಿ ದಾಟಿ ಅತ್ತಿಗೆ ಆ ದಾರಿಗೇ ಗಾಡಿ ಇಳಿಸಿದರು. ಮಣ್ಣಿನಲ್ಲಿ ನಮ್ಮ ಟೈರಿನ ಗುರುತುಗಳು ಒಂದರ ಪಕ್ಕ ಒಂದು ಬಿದ್ದಿದ್ದವು. ಒಣಗಿ ಬಿರಿದ ಹಳೆಯ ಗುರುತುಗಳು ನೀರಿಗೆ ಹತ್ತು ಹೆಜ್ಜೆ ಇರುವಾಗಲೇ ನಿಂತಿದ್ದವು. ಆಮೇಲಿನವು ಐದು ಹೆಜ್ಜೆಗೆ. ನಿನ್ನೆ ಮೊನ್ನೆಯವು ನೀರಿನೊಳಗೇ ಹೋಗಿದ್ದವು. ದಿನದಿನಕ್ಕೂ ಒಂಚೂರು ಮುಂದೆ. ಇನ್ನೊಂದು ವಾರಕ್ಕೆ ಅವರು ಎಲ್ಲಿರುತ್ತಿದ್ದರೆಂದು ನನಗೆ ಹೊಳೆಯಿತು.

ಮುಂದಿನ ಚಕ್ರ ನೀರಿಗೆ ತಾಗುತ್ತಲೇ ನಿಲ್ಲಿಸಿ, ಎರಡು ಸಲ ಹಾರ್ನ್ ಹೊಡೆದರು. ಸದ್ದು ಆಚೆ ಗೋಡೆಗೆ ಬಡಿದು ಯಾರೋ ಉತ್ತರ ಕೊಟ್ಟಂತೆ ವಾಪಸ್ಸು ಬಂತು. ಅತ್ತಿಗೆ ತಲೆಯಾಡಿಸಿದರು.

"ಎಂಜಿನ್ ಆಫ್ ಮಾಡಿ ಅತ್ತಿಗೆ."

"ಆಫ್ ಮಾಡಿದ್ರೆ ನಿಮ್ಮಣ್ಣಂಗೆ ಹೇಗೆ ಕೇಳ್ಸುತ್ತೆ? ಸೌಂಡ್ ಕೇಳಿ ತಾನೇ ಅವರು ಮೇಲೆ ಬರೋದು."

ಅರ್ಧ ಗಂಟೆ ಹಾಗೇ ಕೂತಿದ್ದೆವು. ಎಂಜಿನ್ ಓಡುತ್ತಲೇ ಇತ್ತು. ನೀರಿನ ಮೇಲೆ ಒಂದು ಹುಳವೂ ಅಲುಗಲಿಲ್ಲ. ಅತ್ತಿಗೆ ಕತ್ತು ಉದ್ದ ಮಾಡಿ ಹೊಂಡದೊಳಗೇ ನೋಡುತ್ತಿದ್ದರು. ಆಮೇಲೆ, "ಕೆಳಗೇ ಇದಾರೆ. ಇನ್ನೊಂಚೂರು ಇಳಿದ್ರೆ ಕಾಣ್ತಾರೆ" ಎಂದು ಗೇರು ಹಾಕಿದರು.

ಜೀಪು ಜಾರುತ್ತ ಹೋಯಿತು. ನನ್ನ ಕಾಲಡಿಯ ಮ್ಯಾಟಿನ ಮೇಲೆ ನೀರು ಬಂತು. "ಅಣ್ಣ ಸತ್ತು ಹತ್ತೊಂಬತ್ತು ವರ್ಷ ಆಯ್ತು ಅತ್ತಿಗೆ" ಎಂದು ಅರಚಿದೆ.

"ಬಿಡ್ತು ಅನ್ನು" ಎಂದರು, ನನ್ನ ಕಡೆ ತಿರುಗದೆ. "ಒಳ್ಳೇ ಹೊತ್ತಲ್ಲಿ ಎಂಥ ಮಾತಾಡ್ತೀಯೇ."

ಹ್ಯಾಂಡ್ ಬ್ರೇಕ್ ಎಳೆದೆ, ನಿಲ್ಲಲಿಲ್ಲ. ಕೈ ಹಿಡಿದು ಜಗ್ಗಿದೆ, ಸ್ಪ್ಯಾನರ್ ಹಿಡಿದ ಕೈ ಅದು, ಅಲುಗಲಿಲ್ಲ. ಬೇರೇನೂ ತೋಚದೆ ಬಾಯಿಗೆ ಬಂದದ್ದನ್ನು ಹೇಳಿದೆ. "ಅತ್ತಿಗೆ, ಮೂರನೇ ನಾಜಲ್ ಏನೋ ಬೇರೆ ಥರ ಬಡೀತಿದೆ ಕೇಳಿ."

ನನಗೆ ನಾಜಲ್ಲಿನ ಸದ್ದೂ ಗೊತ್ತಿಲ್ಲ, ನೊಣದ ಸದ್ದೂ ಗೊತ್ತಿಲ್ಲ. ಆದರೆ ಅತ್ತಿಗೆಯ ಕಾಲು ಬ್ರೇಕಿನ ಮೇಲೆ ಹೋಯಿತು. ಗೇರು ತೆಗೆದರು. ತಲೆ ಒಂದು ಕಡೆಗೆ ವಾಲಿಸಿ, ಕಣ್ಣು ಮುಚ್ಚಿ ಕೇಳಿದರು. ಬಹಳ ಹೊತ್ತು ಕೇಳಿದರು.

"ಇಲ್ವಲ್ಲೇ" ಎಂದರು. "ನಾಲ್ಕೂ ಸರಿಯಾಗಿದೆ. ನಿನ್ನ ಕಿವಿಗೇನಾಗಿದೆ?"

ಅದು ಅಂಗಡಿಯ ದನಿ. ಬಾನೆಟ್ ಎತ್ತಿ ನೋಡೋಣವೆಂದು ಇಳಿದರು, ಮೊಣಕಾಲವರೆಗೆ ನೀರಿಗೆ ಹೋದರು.

ಅವರು ಕಿರುಚಲಿಲ್ಲ. ನೀರನ್ನು ನೋಡಿದರು, ನೀಲಿ ಸೀರೆಯನ್ನು ನೋಡಿದರು, ಹಿಂದೆ ತಿರುಗಿ ದಾರಿಯ ಮೇಲಿದ್ದ ಗುರುತುಗಳನ್ನು ನೋಡಿದರು. ಬಲಗೈಯ ಬೆರಳಿಗೆ ಅಂಟಿದ್ದ ಗ್ರೀಸನ್ನು ಮೂಸಿದರು.

"ಕೇಬಲ್ ನಾನೇ ಬಿಚ್ಚಿದ್ದಾ?"

"ಹೂಂ."

"ಆರು ಹೋಗೋದು, ಆರು ಬರೋದು. ಮುಕ್ಕಾಲು ಗಂಟೆ ನಿಂತಲ್ಲೇ ಐಡ್ಲಿಂಗು. ವಾರಕ್ಕೆ ಐದು ದಿನ ಅಂದ್ರೂ ಏಳೂವರೆ ಲೀಟರು" ಎಂದು ಗೊಣಗಿದರು. "ಸರಿ ಹೋಯ್ತು ಲೆಕ್ಕ."

ನನಗೆ ಗಾಡಿ ಓಡಿಸಲು ಬರದಿದ್ದರಿಂದ ಅವರೇ ಹಿಂದಕ್ಕೆ ತೆಗೆದು, ಅವರೇ ಮನೆವರೆಗೆ ಓಡಿಸಿದರು. ದಾರಿಯುದ್ದಕ್ಕೂ ನಾನು ಅವರ ಮುಖವನ್ನೇ ನೋಡುತ್ತ ಕೂತಿದ್ದೆ, ಯಾವ ತಿರುವಿನಲ್ಲಿ ಮತ್ತೆ ಹೋಗಿಬಿಡುತ್ತಾರೋ ಎಂದು. ಶೆಡ್ಡಿನಲ್ಲಿ ಎಂಜಿನ್ ಆಫ್ ಮಾಡಿದ ಮೇಲೂ ಅವರು ಇಳಿಯಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳು. ಅಲ್ಲಿ ಕಾಯ್ತಾ ಇದ್ದಾಗ ನಾನು ಹೇಗಿದ್ದೆ?"

ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸು ಬರಲಿಲ್ಲ. "ಖುಷಿಯಾಗಿದ್ರಿ ಅತ್ತಿಗೆ. ಅಣ್ಣ ಹೋದ ಮೇಲೆ ನಿಮ್ಮನ್ನ ಅಷ್ಟು ಖುಷಿಯಾಗಿ ನಾನು ನೋಡಿರ್ಲಿಲ್ಲ."

ಅವರು ತಲೆಯಾಡಿಸಿ, ಕೀ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಹಾಗಾದ್ರೆ ಮತ್ತೆ ಹೋಗ್ತೀನಿ ನಾನು. ಇದನ್ನ ಎಲ್ಲಾದ್ರೂ ಬಚ್ಚಿಡು. ನಾನು ಎಷ್ಟು ಕೇಳ್ಕೊಂಡ್ರೂ ಕೊಡ್ಬೇಡ."

ಮರುದಿನ ಬೆಳಿಗ್ಗೆ ಎಂದಿನಂತೆ ಅಂಗಡಿ ತೆಗೆದರು. ಒಂದು ಪಂಪು ಬಿಚ್ಚಿ ಕೂಡಿಸಿದರು, ಒಂದು ತಪ್ಪಿಲ್ಲದೆ. ಸಂಜೆ ಇಬ್ಬರೂ ಡಾಕ್ಟರ ಹತ್ತಿರ ಹೋಗುವುದೆಂದು ಮಾತಾಗಿತ್ತು. ಮಧ್ಯಾಹ್ನ ಒಂದಕ್ಕೆ ಕೈ ತೊಳೆದು, ಕಿಟಕಿಗೆ ಬಂದು ನಿಂತರು. ಮುಖದಲ್ಲಿ ಆ ಸಣ್ಣ ನಗು.

"ಪುಟ್ಟಿ, ಜೀಪಿನ ಕೀ ಎಲ್ಲಾದ್ರೂ ನೋಡಿದ್ಯಾ? ನಿಮ್ಮಣ್ಣ ಹಸ್ಕೊಂಡಿರ್ತಾರೆ."

ಕೀ ನನ್ನ ಕುಪ್ಪಸದೊಳಗೆ ಎದೆಗೆ ಒತ್ತುತ್ತಿತ್ತು. "ಇಲ್ಲ ಅತ್ತಿಗೆ, ನೋಡಿಲ್ಲ" ಎಂದೆ.